ಸೋಮವಾರದ ಇಂಟರ್ವ್ಯೂ

...ನಗಬ್ಯಾಡ ಕಣೇ ದೇವಿ. ನೀನು ನಕ್ರೆ ನಂಗೆ ಬಾಯಿಗೆ ಬಂದಿದ್ದೂ ಮರ್ತೋಗುತ್ತೆ. ಈಗ ನೀನು ನನ್ನ ತಂಗಿ ಅಲ್ಲ, ತಿಳೀತಾ? ಅರಸೀಕೆರೆ ಪೇಟೆ ಬೀದೀಲಿ ಅಂಗಡಿ ಇಟ್ಕಂಡಿರೋ ಸಾವ್ಕಾರ. ಗಲ್ಲಾ ಮುಂದೆ ಕೂತಿದ್ದೀಯ. ನಾನು ಕಂಪ್ನಿಯೋನು, ಕೈಲಿ ಬ್ಯಾಗು, ಈಗ ತಾನೆ ಬಸ್ಸಿಳ್ದು ಬಂದಿದ್ದೀನಿ. ನೀನು ಮಾತಾಡಂಗಿಲ್ಲ. ಅಂಗಡಿಯೋರು ನಮ್ಮಂಥೋರ ಹತ್ರ ಮೊದ್ಲು ಮಾತಾಡಲ್ಲ, ತಲೇನೂ ಎತ್ತಲ್ಲ. ನೀನು ಹಂಗೇ ಕೊಬ್ರಿ ತುರ್ಕಂತಾ ಇರು, ಅದೇ ಸರ್ಯಾಗೈತೆ.

ಇಗಾ, ಇದು ಅವ್ವನ ಹರಳೆಣ್ಣೆ ಸೀಸೆ. ಇದೇ ನಮ್ಮ ಕಂಪ್ನಿ ತಲೆ ಎಣ್ಣೆ ಅನ್ಕೋ. "ನಮಸ್ಕಾರ ಸಾರ್. ನಾನು ಚಿಕ್ಕರಂಗಯ್ಯ, ಎಂ.ಕಾಂ. ನಿಮ್ಮಂಗಡೀಲಿ ಈಗ ಮೂರ್ನಾಲ್ಕು ತರದ ಎಣ್ಣೆ ಐತೆ..." ಅಲ್ಲಲ್ಲ, ಐತೆ ಅನ್ಬಾರ್ದು. "ಇದೆ. ಇದೆ ಸಾರ್. ಆದ್ರೆ ಹೆಣ್ಮಕ್ಕಳು ಹೆಸರು ಹೇಳಿ ಕೇಳ್ಕೊಂಡು ಬರೋ ಎಣ್ಣೆ ಯಾವ್ದು ಸಾರ್? ಒಂದ್ಸಲ ವಾಸನೆ ನೋಡಿ..."

ಮತ್ತೆ ಯಾಕೆ ನಗ್ತೀಯ? ಹರಳೆಣ್ಣೆ ವಾಸನೆಗಾ? ಹೂ ಬುಡು, ಅದು ಹೊಟ್ಟೆ ತೊಳ್ಸೋ ವಾಸನೇನೇ. ನಕ್ಕಂಬುಡು, ಒಂದ್ಸಲ ಪೂರ್ತಿ ನಕ್ಕಂಬುಡು. ಮನೇಲಿ ಯಾರೂ ಇಲ್ಲ. ಅಪ್ಪ ತಿಪಟೂರಿಂದ ಸಾಮಾನು ತಗಂಡು ಬರೋದು ಹೊತ್ತು ಮುಳುಗೋ ಹೊತ್ಗೆ. ಅವ್ವ ನಮ್ಮ ಕೆಂಕೆರೆ ಬೀದಿ ಬೀದೀನೂ ಸುತ್ತಿ, "ನಾಳೆ ಸಂಪಿಗೆ ಊರಿಂದ ಬೀಗ್ರು ಬತ್ತಾರೆ, ವೀಳ್ಯದ ಶಾಸ್ತ್ರ, ಎಲ್ರೂ ಬನ್ರವ್ವಾ" ಅಂತ ಕರೀತಾ ಅವ್ಳೆ.

ನಿಂಗೆ ಇದು ತಮಾಷೆ. ನಂಗೆ... ನೋಡು, ಎಂ.ಕಾಂ. ಓದುವಾಗ ಇದ್ಯಾವ್ದನ್ನೂ ಹೇಳ್ಕೊಡಲಿಲ್ಲ ಕಣೇ. ಮೈಸೂರಲ್ಲಿ ಎರಡು ವರ್ಷ, ಮಾರ್ಕೆಟಿಂಗ್ ಅಂತಾನೇ ಒಂದು ಪೇಪರ್ ಇತ್ತು. ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಅಮೇರಿಕಾದಲ್ಲಿ ಕಾರು ಹೆಂಗೆ ಮಾರ್ತಾರೆ, ಫ್ರಿಜ್ಜು ಹೆಂಗೆ ಮಾರ್ತಾರೆ... ಕ್ಲಾಸಲ್ಲಿದ್ದ ನಮ್ಮಲ್ಲಿ ಒಬ್ರೂ ಫ್ರಿಜ್ಜಿನ ಬಾಗ್ಲು ತೆಗ್ದು ನೋಡಿರ್ಲಿಲ್ಲ. ಪಾಠ ಮಾಡೋ ಪ್ರೊಫೆಸರು ಕಣ್ಮುಚ್ಕಂಡು ನೋಟ್ಸ್ ಹೇಳೋರು, ನಾವು ತಲೆ ಬಗ್ಗಿಸ್ಕಂಡು ಬರ್ಕಳೋದು. ಆ ಮನುಷ್ಯಂಗೆ ತನ್ನ ಹಳೇ ಸೈಕಲ್ಲು ಮಾರೋಕೂ ಆಗಿರ್ಲಿಲ್ಲ, ಡಿಪಾರ್ಟ್‌ಮೆಂಟ್ ಮುಂದೆ ಮಳೇಲಿ ನೆನೀತಾ ನಿಂತಿರೋದು. ಅಂಥೋರ ಹತ್ರ ಓದಿ ನಾನು ಫಸ್ಟ್ ಕ್ಲಾಸ್ ತಗಂಡೆ. ಎಂಬತ್ತೊಂದನೇ ಇಸವೀಲಿ ನಮ್ಮೂರಿಗೆಲ್ಲ ನಾನೊಬ್ನೇ ಎಂ.ಕಾಂ.

ಆಮೇಲೆ? ಆಮೇಲೆ ನಿಂಗೇ ಗೊತ್ತಲ್ಲ. ಬ್ಯಾಂಕಿನ ಪರೀಕ್ಷೆ ಬರ್ದಿದ್ದಾಯ್ತು. ಒಂದಲ್ಲ, ಬಂದಿದ್ದೆಲ್ಲಾ ಬರ್ದೆ. ಕಾಲೇಜುಗಳಲ್ಲಿ ಪಾರ್ಟ್‌ಟೈಮ್ ಆದ್ರೂ ಕೊಡಿ ಅಂತ ಕೇಳಿದ್ದಾಯ್ತು. ಬೀದೀಲಿ ಹೋಗೋರೆಲ್ಲ "ಏನಪ್ಪಾ ಚಿಕ್ಕರಂಗ, ಎಲ್ಲಾದ್ರೂ ಆಯ್ತಾ?" ಅನ್ನೋರು. ಈಗ ಅದನ್ನೂ ಕೇಳಲ್ಲ. ಕೇಳೋದು ನಿಲ್ಸಿದಾಗ್ಲೇ ಜಾಸ್ತಿ ಉರಿಯೋದು. ಉಳಿದಿದ್ದು ಇದೊಂದೇ ದೇವಿ, ಎಣ್ಣೆ ಸೋಪಿನ ಕಂಪ್ನಿ, ಸೇಲ್ಸ್ ಟ್ರೈನಿ.

ಅದ್ಕೇ ಇಷ್ಟು ತಯಾರಾಗಿದ್ದು. ನೀನು ನೋಡಿಲ್ವಾ? ಬೂಟು ಕಾಲಿಗೆ ಒಗ್ಲಿ ಅಂತ ಬೆಳಿಗ್ಗೆ ಬೆಳಿಗ್ಗೆ ತೋಟದ ಬದುವಿನ ಮೇಲೆ ನಡೀತಿದ್ದೆ. ಕಾಯಿ ಕೆಡವೋ ಕರಿಯಪ್ಪ ಮರದ ಮೇಲಿಂದ್ಲೇ "ಏನಣ್ಣಾ, ಪೋಲೀಸ್ ಕೆಲ್ಸ ಆಯ್ತಾ?" ಅಂದ. ಕೊಟ್ಟಿಗೇಲಿ ಎಮ್ಮೆ ಮುಂದೆ ನಿಂತು ಇಂಗ್ಲೀಷು ಮಾತಾಡ್ತಿದ್ದೆ. ಈ ಮನೇಲಿ ನಗದಂಗೆ ಕೇಳಿದ್ದು ಆ ಎಮ್ಮೆ ಒಂದೇ. ತಿಪಟೂರಲ್ಲಿ ನಾವು ಸಾಮಾನು ತರೋ ಚಿಕ್ಕಣ್ಣನ ಅಂಗಡಿ ಮೂಲೇಲಿ ನಿಂತು, ಬಂದು ಹೋಗೋ ಸೇಲ್ಸ್‌ಮನ್‌ಗಳನ್ನ ನೋಡ್ತಿದ್ದೆ. ಏನ್ ಮಾತು ಅವರದು! ಚಿಕ್ಕಣ್ಣ "ಬ್ಯಾಡ, ಹೋಗ್ರಿ, ಹಳೇದೇ ಖರ್ಚಾಗಿಲ್ಲ" ಅಂತ ಬೈತಾನೆ, ಅವರು ನಗ್ತಾರೆ. ಬೆನ್ನು ತಿರುಗಿಸ್ತಾನೆ, ಆಗ್ಲೂ ನಗ್ತಾರೆ. ಆ ನಗು ನಂಗೆ ಬರಲ್ಲ ಕಣೇ. ಕನ್ನಡಿ ಮುಂದೆ ಎಷ್ಟು ಮಾಡಿದ್ರೂ ಹಲ್ಲುನೋವು ಬಂದೋನ ಹಂಗೆ ಕಾಣ್ತೀನಿ.

ಹೂಂ, ಈಗ ಮಾಡಿದ್ದೂ ಅದೇ ನಗು. ಚೆನ್ನಾಗಿಲ್ಲ ಅಲ್ವಾ?

ತುರಿ, ತುರಿ. ಯಾಕೆ ಕೈ ನಿಲ್ಸಿದೆ? ಅಷ್ಟು ಕೊಬ್ರಿ ಕರ್ಜಿಕಾಯಿಗೆ ಸಾಲಲ್ಲ. ನಾಳೆ ಸಂಪಿಗೆ ಹನುಮಂತಯ್ಯನೋರ ಕಡೆಯಿಂದ ಒಂದು ಗಾಡಿ ತುಂಬ ಜನ ಬತ್ತಾರಂತೆ. ನಿನ್ನ ಮದ್ವೆ ಆಗೋ ಅವರ ಮಗ, ಆ ಮೇಷ್ಟ್ರು, ಬರಲ್ವಂತೆ, ಅದು ಅವರ ಮನೆ ಪದ್ಧತಿ. ಮುಖ ಚಿಕ್ಕದು ಮಾಡ್ಕಬ್ಯಾಡ. ಇನ್ನೇನು, ಮದ್ವೆ ಆದ್ಮೇಲೆ ದಿನಾ ನೋಡ್ಕಂತೀಯ.

ನಾಚ್ಕೆ ಯಾಕೆ? ನಾನೇನು ಕುರುಡನಾ? ಹೋದ ತಿಂಗ್ಳು ಸಂಪಿಗೆ ದೇವಸ್ಥಾನದಲ್ಲಿ ನಿನ್ನ ತೋರ್ಸಿದಾಗ ನಾನೂ ಅಲ್ಲೇ ಇದ್ನಲ್ಲ. ಇದಕ್ಕೆ ಮುಂಚೆ ಬಂದೋರೆಲ್ಲ ನಿನ್ನನ್ನ ನೋಡಿ, ತೋಟ ನೋಡಿ, ಹಸು ಕರೀತಾಳಾ ಅಂತ ಕೇಳಿ ಹೋದೋರು. ಆ ಮೇಷ್ಟ್ರೊಬ್ರೇ "ಸ್ಕೂಲ್ ಬಿಟ್ಮೇಲೆ ಏನಾದ್ರೂ ಓದ್ತೀರಾ?" ಅಂದ್ರು. ನೀನು ತಲೆ ಎತ್ತಿದೆ. ಹಂಗೆ ತಲೆ ಎತ್ತಿದ್ದು ನಾನು ಯಾವತ್ತೂ ನೋಡಿರ್ಲಿಲ್ಲ. ಬರ್ತಾ ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕಂಡು ಒಬ್ಳೇ ನಗ್ತಿದ್ದೆ, ನಂಗೆ ಗೊತ್ತು.

ಆದ್ರೆ ಹನುಮಂತಯ್ಯನೋರು ಕಡ್ಡಿ ತುಂಡು ಮಾಡ್ದಂಗೆ ಹೇಳವ್ರೆ. ಕೊಟ್ಟು ತರೋದು. ಅವರ ಮಗಂಗೆ ನೀನು, ಅವರ ಮಗಳು ಪುಟ್ಟಗೌರಿ ನಂಗೆ. ಒಂದೇ ಚಪ್ಪರದಲ್ಲಿ ಎರಡೂ ಆಗ್ಬೇಕು, ಒಂದು ನಿಂತ್ರೆ ಎರಡೂ ನಿಂತ್ಹೋಗ್ಬೇಕು. ನಮ್ಮ ಹೆಣ್ಣನ್ನ ಕೆಲ್ಸ ಇಲ್ದೋನ ಕೈಗೆ ಕೊಡಲ್ಲ ಅಂದ್ರು. ತಪ್ಪೇನಿಲ್ಲ ಬುಡು, ಅವರ ಜಾಗದಲ್ಲಿ ನಾನಿದ್ರೂ ಅದೇ ಅಂತಿದ್ದೆ.

ಅದಕ್ಕೆ ಅಪ್ಪ... ಅಪ್ಪ ಯಾವತ್ತಾದ್ರೂ ನಮ್ಮ ಕೊಬ್ರೀನ ಹೊಗಳಿದ್ದು ಕೇಳಿದ್ದೀಯಾ ನೀನು? ನಾನು ಕೇಳಿಲ್ಲ. ಚಿಕ್ಕೋನಿದ್ದಾಗಿಂದ ತಿಪಟೂರು ಮಂಡೀಗೆ ಅವರ ಜೊತೆ ಹೋಗಿದ್ದೀನಿ. ಚೀಲದ ಬಾಯಿ ಬಿಚ್ತಾರೆ, ಹಿಂದಕ್ಕೆ ಸರೀತಾರೆ, ಟವಲ್ಲು ಹೆಗಲಿಗೆ ಹಾಕ್ಕಂಡು ಬೇರೆ ಎಲ್ಲೋ ನೋಡ್ತಾ ನಿಂತ್ಕಂತಾರೆ. ತಗಳೋನು ತಾನೇ ಒಂದು ಕೊಬ್ರಿ ಎತ್ಕಂಡು, ಒಡ್ದು, ಮೂಸಿ, ಬಾಯಿಗಾಕ್ಕಂಡು ಹೇಳ್ಬೇಕು. "ಹೆಂಗೈತೆ ತಿಮ್ಮಯ್ಯನೋರೇ ಮಾಲು?" ಅಂತ ಯಾರಾದ್ರೂ ಕೇಳಿದ್ರೆ, "ಏನೋ ಐತೆ, ನೀವೇ ನೋಡಿ." ಅಷ್ಟೇ. ಬಾಯಿಬಿಟ್ಟು ಹೊಗಳೋನ ಮಾಲಿನ ಮೇಲೆ ನಮ್ಮ ಕಡೆ ಎಲ್ರಿಗೂ ಅನುಮಾನ. ತಾನೇ ಬೆಳೆದಿದ್ದನ್ನ ತಾನೇ ಹೊಗಳೋದು ಅಪ್ಪಂಗೆ ಬೀದೀಲಿ ಪಂಚೆ ಬಿಚ್ಚಿದಷ್ಟು ಅವಮಾನ.

ಅಂಥ ಅಪ್ಪ ಮೊನ್ನೆ ಹನುಮಂತಯ್ಯನೋರ ಜಗಲಿ ಮೇಲೆ ಕೂತ್ಕಂಡು ನನ್ನ ಹೊಗಳಿದ್ರು ಕಣೇ. "ಕಂಪ್ನಿ ಕೆಲ್ಸ ಕಣ್ರೀ. ಸೋಮವಾರ ಇಂಟರ್ವ್ಯೂ ಅಂತಾರೆ, ಅದೆಲ್ಲ ಬರೀ ಶಾಸ್ತ್ರಕ್ಕೆ. ನಮ್ಮುಡ್ಗನಂಥೋರು ಅವರಿಗೆಲ್ಲಿ ಸಿಗ್ತಾರೆ? ಆಗೋಯ್ತು ಅನ್ಕಳಿ." ದನಿ ಏರಿಸ್ಕಂಡು, ಕೈ ಆಡಿಸ್ಕಂಡು. ಹೊಗಳೋಕೆ ಬರಲ್ಲ ಅವರಿಗೆ, ಹೇಳಿದ್ದನ್ನೇ ಮತ್ತೆ ಹೇಳಿದ್ರು. ನಾನು ಪಕ್ಕದಲ್ಲೇ ಕೂತಿದ್ದೆ. ಪುಟ್ಟಗೌರಿ ಬಾಗ್ಲ ಸಂದೀಲಿ ನಿಂತು ಕೇಳಿಸ್ಕಂತಾ ಇದ್ಲು. ನಂಗೆ ನಾಚ್ಕೆ ಆಯ್ತು, ಅಳೂನೂ ಬಂತು.

ಆಗುತ್ತೆ ಬುಡು. ಯಾಕಾಗಲ್ಲ? ಸೋಮವಾರ ಹೋಗ್ತೀನಿ, ಮಾತಾಡ್ತೀನಿ. ಅವರು ಏನು ಕೇಳ್ತಾರೆ ಅಂತ ಎಲ್ಲಾ ತಿಳ್ಕಂಡಿದ್ದೀನಿ. ಕೇಳು. ಮೊದ್ಲು ಎಲ್ರನ್ನೂ ಹೊರಗಡೆ ಬೆಂಚಿನ ಮೇಲೆ ಕೂರಿಸ್ತಾರೆ. ಪಕ್ಕದಲ್ಲಿ ಬೆಂಗಳೂರು ಹುಡುಗ್ರು, ಕೆಮ್ಮಿದ್ರೂ ಇಂಗ್ಲೀಷಲ್ಲೇ ಕೆಮ್ಮೋ ಅಂಥೋರು. ಒಳಗಡೆ ಮೂರು ಜನ. ನಡುವೆ ಕೂತಿರೋನು ದಪ್ಪಗೆ, ಎಡಗೈಲಿ ಬರೀತಾನೆ. ಕಿಟಕಿ ಪಕ್ಕದೋನು ಏನೂ ಕೇಳಲ್ಲ, ಬೀಗದಕೈಲಿ ಕಿವಿ ಕೆರ್ಕಂತಾ ಇರ್ತಾನೆ. ಮೇಜಿನ ಮೇಲೆ ಒಂದು ಕೊಬ್ರಿ ಎಣ್ಣೆ ಸೀಸೆ, ಹಸಿರು ಮುಚ್ಚಳದ್ದು. ದಪ್ಪನೋನು ಅದನ್ನ ನನ್ನ ಕಡೆ ತಳ್ಳಿ, "ಎಲ್ಲಿ, ಇದನ್ನ ನಂಗೆ ಮಾರು ನೋಡಾಣ" ಅಂತಾನೆ. ಇಂಗ್ಲೀಷಲ್ಲಿ ಅಂತಾನೆ. ಆಗ ನಾನು...

ಏನು? ಯಾಕಂಗೆ ನೋಡ್ತೀಯ?

ಎಡಗೈ ಅಂದಿದ್ದಕ್ಕಾ... ಅದು ಸುಮ್ನೆ ಅಂದೆ. ಒಬ್ಬ ಸ್ನೇಹಿತ ಹೇಳ್ದ. ಹೋದ ವಾರ ಪುಸ್ತಕ ತರೋಕೆ ಬೆಂಗ್ಳೂರಿಗೆ ಹೋಗಿದ್ನಲ್ಲ, ಅವಾಗ ಸಿಕ್ಕಿದ್ದ. ಅವನಿಗೆ ಅಲ್ಲೆಲ್ಲ ಪರಿಚಯ. ಯಾರು ಕೂತಿರ್ತಾರೆ, ಏನು ಕೇಳ್ತಾರೆ, ಎಲ್ಲಾ ಅವನೇ ಹೇಳಿದ್ದು. ಒಳ್ಳೆ ಹುಡ್ಗ.

ಸರಿ, ಎಲ್ಲಿದ್ದೆ... ಹಾಂ. ಸೀಸೆ ತಳ್ತಾನೆ. ಆಗ ನಾನು ಅದನ್ನ ಕೈಗೆ ತಗಂಡು, "ಸಾರ್, ಇದು ಬರೀ ಎಣ್ಣೆ ಅಲ್ಲ..." ಅಂತ ಶುರು ಮಾಡ್ತೀನಿ. "ನಮ್ಮ ತಿಪಟೂರು ಸೀಮೆಯ ತೆಂಗಿನ ತೋಟದಲ್ಲಿ, ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿದ..." ಚೆನ್ನಾಗೈತಾ? ನಂದೇ ಮಾತು ಇದು, ಪುಸ್ತಕದ್ದಲ್ಲ. ಬಸ್ಸಲ್ಲಿ ಬರ್ತಾ ಹೊಳೀತು.

ದೇವಿ. ಆಟ ಮುಗೀತು ಕಣೇ. ಈಗ ನೀನು ಸಾವ್ಕಾರ ಅಲ್ಲ. ಮಾತಾಡ್ಬೋದು.

ಏನಾದ್ರೂ ಕೇಳು. ಯಾವ ಸ್ನೇಹಿತ ಅಂತ ಕೇಳು. ಅವನ ಹೆಸ್ರೇನು ಅಂತಾದ್ರೂ ಕೇಳು. ಬೇರೆ ಯಾರೇ ಆಗಿದ್ರೂ ಇಷ್ಟೊತ್ಗೆ ಕೇಳಿರೋರು. ಕಿವಿ ಕೆರೆಯೋನು ಬೀಗದಕೈಲಿ ಕೆರ್ಕಂತಾನೆ ಅಂತ ಅವನು ನಿಂಗ್ಯಾಕೆ ಹೇಳ್ದ ಅಂತ ಕೇಳೋರು. ನೀನು ಯಾಕೆ ಕೇಳ್ತಿಲ್ಲ?

...ನಿಂಗೆ ಗೊತ್ತು.

ತಲೆ ಬಗ್ಗಿಸ್ಬ್ಯಾಡ. ನನ್ನ ನೋಡು. ಗೊತ್ತು ಅಲ್ವಾ ನಿಂಗೆ? ಯಾವಾಗಿಂದ? ತಾಳು... ಅವತ್ತು ನಾನು ಬೆಂಗ್ಳೂರಿಂದ ಬಂದಾಗ ಅಪ್ಪ ಕೇಳಿದ್ರು, ಪುಸ್ತಕ ಸಿಕ್ತಾ ಅಂತ. ಅವ್ವ ಕೇಳಿದ್ಲು, ಓದೋಕೆ ಬರ್ದೆ ಇರೋ ಅವ್ವ, ಎಲ್ಲೋ ತೋರ್ಸು ಪುಸ್ತಕ ಅಂದ್ಲು. ಅಂಗ್ಡೀಲಿ ಇರ್ಲಿಲ್ಲ ಅಂದೆ. ನೀನೊಬ್ಳೇ ಏನೂ ಕೇಳಲಿಲ್ಲ. ಸ್ನಾನಕ್ಕೆ ನೀರಿಟ್ಟೆ. ನನ್ನ ಬಿಳೀ ಶರಟು ತಗಂಡೋಗಿ ಒಗ್ದೆ. ಪುಸ್ತಕ ತರೋಕೆ ಹೋಗೋನು ಹಬ್ಬದ ಶರಟು ಯಾಕೆ ಹಾಕ್ಕಂಡೋಗ್ತಾನೆ ಅಂತ ಅವತ್ತೇ ತಿಳೀತು ನಿಂಗೆ.

ಹೂಂ. ಹೋದ ಸೋಮವಾರಾನೇ ಇತ್ತು ಕಣೇ ಇಂಟರ್ವ್ಯೂ. ಈ ಸೋಮವಾರ ಏನೂ ಇಲ್ಲ.

ಮೋಸ ಮಾಡ್ಬೇಕು ಅಂತ ತಾರೀಕು ತಪ್ಪು ಹೇಳಿದ್ದಲ್ಲ. ನಿಜ ಹೇಳಿದ್ರೆ ಅಪ್ಪ ಗುಡೀಲಿ ಕಾಯಿ ಒಡೆಸೋರು, ಅರ್ಧ ಊರು ಬಸ್‌ಸ್ಟ್ಯಾಂಡಿಗೆ ಬರೋದು. ಅದೊಂದು ಬ್ಯಾಡ ಅನ್ನಿಸ್ತು. ಯಾರಿಗೂ ಹೇಳ್ದೆ ಹೋಗಿ, ಕೆಲ್ಸ ತಗಂಡು ಬಂದು, ಹಜಾರದಲ್ಲಿ ನಿಂತು ಹೇಳ್ಬೇಕು ಅಂತಿದ್ದೆ. ಹೋಗ್ತಾ ಎಷ್ಟು ಸಂತೋಷವಾಗಿದ್ದೆ ಗೊತ್ತಾ?

ಏನಾಯ್ತು ಅಂದ್ರೆ... ಏನೂ ಆಗ್ಲಿಲ್ಲ. ಅವನು ಸೀಸೆ ತಳ್ದ. ನಾನು ತಗಂಡೆ. ಮುಚ್ಚಳ ಬಿಚ್ಚಿ ಅವನ ಮುಂದೆ ಇಟ್ಟೆ. ಇಟ್ಟು ಹಿಂದಕ್ಕೆ ಒರಗಿ ಕೂತ್ಕಂಡೆ. ಅಷ್ಟೇ ಮಾಡಿದ್ದು. ಅವನು ಎತ್ಕಂತಾನೆ, ಮೂಸ್ತಾನೆ, ಅಂಗೈಗೆ ಹಾಕ್ಕಂಡು ನೋಡ್ತಾನೆ ಅಂತ ಕಾಯ್ತಾ ಕೂತೆ. ಪುಸ್ತಕದಲ್ಲಿ ಓದಿದ್ದು ಎಲ್ಲಾ ನೆನಪಿತ್ತು ಕಣೇ, ಒಂದಕ್ಷರ ಮರ್ತಿರ್ಲಿಲ್ಲ. ಬಾಯಿ ತೆಗೆಯೋಕೆ ಆಗ್ಲಿಲ್ಲ. ನಾನೇ ನನ್ನ ಮಾಲು ಹೊಗಳೋದಾ? ಮೈಯೆಲ್ಲ ಮುದುರ್ಕಂತು. ಅವರು ಒಬ್ರ ಮುಖ ಒಬ್ರು ನೋಡ್ಕಂಡ್ರು. "ಹೇಳಿ, ಏನಾದ್ರೂ ಹೇಳಿ" ಅಂದ ದಪ್ಪನೋನು. ಆಗ ನನ್ನ ಬಾಯಿಂದ ಏನು ಬಂತು ಗೊತ್ತಾ? "ಏನೋ ಐತೆ ಸಾರ್, ನೀವೇ ನೋಡಿ."

ಈಗ ನಗಲ್ವಾ ನೀನು? ಅವರು ನಕ್ರು. ಬೀಗದಕೈ ಹಿಡ್ಕಂಡಿದ್ದೋನು ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕ. ದಪ್ಪನೋನು ಪಾಪ ಒಳ್ಳೇ ಮನುಷ್ಯ, ಕೊನೇಗೆ ಕನ್ನಡದಲ್ಲೇ ಹೇಳ್ದ, "ನಿಮಗಿದು ಒಗ್ಗಲ್ಲ ತಮ್ಮಾ. ಬೇರೆ ಏನಾದ್ರೂ ನೋಡ್ಕೊಳ್ಳಿ" ಅಂತ. ಸಾಯಂಕಾಲ ಸೆಲೆಕ್ಟ್ ಆದೋರ ಹೆಸ್ರು ಕೂಗಿದ್ರು. ಕೂಗಲ್ಲ ಅಂತ ಗೊತ್ತಿದ್ರೂ ಕೊನೇ ಹೆಸ್ರಿನ ತನಕ ಗೇಟಿನ ಹತ್ರ ನಿಂತಿದ್ದೆ.

ಮೊನ್ನೆ ಸಂಪಿಗೇಲಿ ಅಪ್ಪ ನನ್ನ ಹೊಗಳ್ತಿದ್ದಾಗ ಇದೆಲ್ಲ ಆಗಿಹೋಗಿತ್ತು ದೇವಿ. ನಾನು ಪಕ್ಕದಲ್ಲಿ ಕೂತ್ಕಂಡು ಕಾಫಿ ಕುಡೀತಿದ್ದೆ.

ಇವತ್ತು ಯಾಕೆ ಈ ಆಟ ಆಡ್ದೆ ಅಂತೀಯಾ? ಗೊತ್ತಿಲ್ಲ. ನಿನ್ನ ಮುಂದೆ ಮಾತು ಚೆನ್ನಾಗೇ ಬಂತಲ್ಲ, ನೋಡಿದ್ಯಲ್ಲ. ಬರೋಕೇ ಬರಲ್ಲ ಅಂತೇನಿಲ್ಲ. ಅಲ್ಲಿ ಬರಲಿಲ್ಲ, ಅಷ್ಟೇ.

ಈಗ ಹೇಳು, ಏನು ಮಾಡ್ಲಿ? ಅಪ್ಪ ಬಂದ ತಕ್ಷಣ ಹೇಳ್ಬುಡ್ತೀನಿ. ನಾಳೆ ಗಾಡಿ ಕಟ್ಟೋಕೆ ಮುಂಚೆ ಸಂಪಿಗೆಗೆ ಸುದ್ದಿ ಹೋಗ್ಲಿ. ವೀಳ್ಯ ಆಗೋಕೆ ಮುಂಚೆ ಹೇಳಿದ್ರೆ ಮಾತು ಮಾತಲ್ಲೇ ನಿಲ್ಲುತ್ತೆ. ಆದ್ಮೇಲೆ ಗೊತ್ತಾದ್ರೆ ಅಪ್ಪ ಊರಲ್ಲಿ ತಲೆ ಎತ್ಕಂಡು ಓಡಾಡಂಗಿಲ್ಲ. ಹೇಳ್ಲಾ? ನೀನು ಹೂಂ ಅನ್ನು ಸಾಕು. ನಿನ್ನ ಕೇಳ್ದೆ ನಾನು ಹೇಳಲ್ಲ, ಮುರ್ದೋಗೋದು ನಿನ್ನ ಮದ್ವೆ.

ಹೂಂ ಅನ್ನು.

ತಲೆ ಆದ್ರೂ ಆಡ್ಸು ದೇವಿ.

...ಓ.

ನಿಂಗೆ ಅವತ್ತೇ ಗೊತ್ತಿತ್ತು. ಅವತ್ತಿಂದ್ಲೂ ಗೊತ್ತಿದ್ದು ಸುಮ್ನಿದ್ದೆ. ನಾನು ಹೆದರ್ಕಂಡು ಸುಮ್ನಿದ್ದೀನಿ ಅನ್ಕಂಡಿದ್ದೆ, ನೀನು ನನಗೋಸ್ಕರ ಸುಮ್ನಿದ್ದೀಯ ಅನ್ಕಂಡೆ. ಅಲ್ಲ. ನಾಳೆ ಆಗ್ಲಿ ಅಂತ ಸುಮ್ನಿದ್ದೀಯ. ಹೆಂಗೋ ಆಗೋಗ್ಲಿ, ಆದ್ಮೇಲೆ ಏನಾದ್ರೂ ಆಗ್ಲಿ ಅಂತ.

ಅಳಬ್ಯಾಡ. ನಾನು ಬೈತಾ ಇಲ್ಲ. ಬೈಯೋಕೆ ನಂಗ್ಯಾವ ಮುಖ ಐತೆ? ನೀನು ಒಬ್ರನ್ನ ಇಷ್ಟಪಟ್ಟೆ, ಅಷ್ಟೇ ತಾನೆ. ಇನ್ನೊಬ್ಬ ಅಂಥೋನು ಈ ಮನೆ ಬಾಗ್ಲಿಗೆ ಬರಲ್ಲ ಅಂತ ನಿಂಗೂ ಗೊತ್ತು, ನಂಗೂ ಗೊತ್ತು.

ಆದ್ರೆ ಆ ಹುಡ್ಗಿ? ಪುಟ್ಟಗೌರಿ? ಅವಳು ಬಾಗ್ಲ ಸಂದೀಲಿ ನಿಂತಿದ್ಲು ಅಂದ್ನಲ್ಲ. ಕಂಪ್ನಿ ಕೆಲ್ಸ ಅಂದಾಗ ಅವಳ ಮುಖ ನೋಡ್ದೆ. ನಿನ್ನಂಗೇ ಒಬ್ಳೇ ನಕ್ಕಂತಿದ್ಲು. ಅವಳನ್ನ ಕರ್ಕಂಡು ಬಂದು ಈ ಮನೇಲಿ ಕೂರಿಸಿ ನಾನು ಏನು ಹೇಳ್ಲಿ? ಅವಳಣ್ಣ ಆ ಮೇಷ್ಟ್ರು, ನಿನ್ನ ಗಂಡ, ಒಂದಿನ ನಿನ್ನೇ ಕೇಳ್ತಾರೆ ಕಣೇ, ನಿಂಗೆ ಮುಂಚೇನೇ ಗೊತ್ತಿತ್ತಾ ಅಂತ. ಆಗ ಏನಂತೀಯ?

ಆಗ್ಲೂ ಹಿಂಗೇ ಕೂತಿರ್ತೀಯಾ?

...ಕೇಳಿಸ್ತಾ? ಗೇಟು. ಅಪ್ಪನ ಕೆಮ್ಮು. ಇಷ್ಟು ಬೇಗ ಬಂದುಬುಟ್ರು. ಯಾರ ಜೊತೇನೋ ಮಾತಾಡ್ತಾ ಬತ್ತಾವ್ರೆ. ನನ್ನ ವಿಷ್ಯಾನೇ ಹೇಳ್ತಾವ್ರೆ, ಕೇಳು. ಈಗ್ಲೂ ಹೊತ್ತು ಮೀರಿಲ್ಲ. ಒಂದು ಮಾತು ಹೇಳು ದೇವಿ, ಹೂಂ ಅನ್ನು, ಊಹೂಂ ಅನ್ನು. ಯಾಕೆ ಕೈ ಮುಗೀತೀಯ ನಂಗೆ? ಇಳ್ಸು ಕೈನ. ತಂಗಿ ಹಂಗೆಲ್ಲ ಕೈ ಮುಗೀಬಾರ್ದು. ಇಳ್ಸು ಅಂದೆ.

ಕಣ್ಣೊರೆಸ್ಕೋ. ಬಂದ್ರು.

...ಇಲ್ಲೇ ಇದ್ದೀನಿ ಅಪ್ಪಾ, ಹಿತ್ಲ ಕಡೆ. ಏನಿಲ್ಲ, ಸೋಮವಾರದ ಇಂಟರ್ವ್ಯೂಗೆ ತಯಾರಾಗ್ತಿದ್ದೆ.